ಹವಾನಾದ ಮೇಘವೀಕ್ಷಕ ಫಾದರ್ ಬೆನಿತೊ ವಿನ್ಯೆಸ್

ಮುಂಗಾರಿನ ಆರಂಭದ ದಿನಗಳಲ್ಲಿ ನಮ್ಮ ಕರಾವಳಿಯ ಮೀನುಗಾರನು ದೋಣಿಯನ್ನು ನೀರಿಗಿಳಿಸುವ ಮುನ್ನ ಪಡುವಣ ದಿಗಂತವನ್ನು ದಿಟ್ಟಿಸುತ್ತಾನೆ. ಘಟ್ಟದ ಬುಡದ ರೈತನು ನೇಜಿ ಕೀಳುವ ಮುನ್ನ ಬೆಟ್ಟದ ನೆತ್ತಿಯತ್ತ ಕಣ್ಣು ಹಾಯಿಸುತ್ತಾನೆ. ಪಡುವಣದಲ್ಲಿ ಮೋಡವೇಳುವುದನ್ನು ಕಂಡು ಮಳೆಯನ್ನು ನಿರೀಕ್ಷಿಸುವ ಜನರ ಪ್ರಸ್ತಾಪ ಸಂತ ಲೂಕನ ಶುಭಸಂದೇಶದಲ್ಲಿಯೂ ಇದೆ. ಮೋಡ ಯಾವ ದಿಕ್ಕಿನಿಂದ ಬರುತ್ತಿದೆ, ಅದರ ಬಣ್ಣವೇನು, ಅದು ಮಳೆ ಸುರಿಸುವುದೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ನಮ್ಮ ಹಿರಿಯರು ತಕ್ಕಮಟ್ಟಿಗೆ ಉತ್ತರ ಹೇಳಬಲ್ಲರು. ಆದರೆ ಆ ಮೋಡ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರೆ ಎಲ್ಲರೂ ಒಂದು ಕ್ಷಣ ತಡೆಯುತ್ತಾರೆ. ಹತ್ತು ಜನರನ್ನು ಕೇಳಿದರೆ ಹತ್ತು ಅಂದಾಜುಗಳು ದೊರೆಯುತ್ತವೆ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ಸಾವಿರಾರು ಜೀವಗಳು ಉಳಿದಾವು, ತಪ್ಪಿದರೆ ಅಳಿದಾವು ಎಂಬುದನ್ನು ಅರಿತು, ಇಪ್ಪತ್ತಮೂರು ವರ್ಷಗಳ ಕಾಲ ಆಕಾಶವನ್ನು ಕಾದ ಧರ್ಮಗುರುವೊಬ್ಬರು ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ್ದರು. ಕ್ಯೂಬಾ ದ್ವೀಪದ ರಾಜಧಾನಿ ಹವಾನಾದಲ್ಲಿದ್ದ ಯೇಸುಸಭೆಯ ಫಾದರ್ ಬೆನಿತೊ ವಿನ್ಯೆಸ್ ಅವರ ಬಾಳ್ವೆಯನ್ನು ಈ ವಾರ ನಮ್ಮ ಓದುಗರ ಮುಂದಿಡಬಯಸುತ್ತೇವೆ.

ದೇಶಭ್ರಷ್ಟನಾಗಿ ಬಂದ ಗುರು

ಸ್ಪೇನ್ ದೇಶದ ಕತಲೂನ್ಯ ಪ್ರಾಂತ್ಯದಲ್ಲಿ, ತಾರಗೋನ ನಗರದ ಒಳನಾಡಿನಲ್ಲಿ, ಪೊಬೊಲೆದ ಎಂಬ ಚಿಕ್ಕ ಊರಿದೆ. 1837ರ ಸೆಪ್ಟೆಂಬರ್ 19ರಂದು ವಿನ್ಯೆಸ್ ಅಲ್ಲಿ ಜನಿಸಿದರು. 1856ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ಯೇಸುಸಭೆಯನ್ನು ಸೇರಿದರು. 1868ರಲ್ಲಿ ಸ್ಪೇನಿನಲ್ಲಿ ಕ್ರಾಂತಿಯಾಗಿ ರಾಣಿ ಎರಡನೆಯ ಇಸಾಬೆಲ್ ಪದಚ್ಯುತಳಾದಳು. ಹೊಸ ಸರಕಾರವು ಯೇಸುಸಭೆಯವರನ್ನು ದೇಶದಿಂದ ಹೊರಗಟ್ಟಿತು. ವಿನ್ಯೆಸ್ ಫ್ರಾನ್ಸಿನಲ್ಲಿ ಆಶ್ರಯ ಪಡೆದರು. ಅಲ್ಲಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ 1870ರಲ್ಲಿ ಹವಾನಾವನ್ನು ತಲುಪಿದರು. ಆಗ ಕ್ಯೂಬಾ ಸ್ಪೇನಿನ ವಸಾಹತಾಗಿಯೇ ಇತ್ತು.

ಹವಾನಾದ ಹಳೆಯ ಪೇಟೆಯಲ್ಲಿ ಯೇಸುಸಭೆಯವರು ಬೆಲೆನ್ ವಿದ್ಯಾಲಯವನ್ನು ನಡೆಸುತ್ತಿದ್ದರು. ಬೇತ್ಲೆಹೆಮಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಬೆಲೆನ್ ಎಂದು ಹೆಸರು. ಆ ವಿದ್ಯಾಲಯಕ್ಕೆ ಸೇರಿದಂತೆ ಒಂದು ಚಿಕ್ಕ ಹವಾಮಾನ ವೀಕ್ಷಣಾಲಯವಿತ್ತು. ಅದು ಸರಕಾರದ ಕಚೇರಿಯಾಗಿರಲಿಲ್ಲ. ಪಾಠ ಹೇಳುವ ಗುರುಗಳು ಬಿಡುವಿನಲ್ಲಿ ವಾಯುಭಾರ ಮಾಪಕವನ್ನು ನೋಡಿ ಅಂಕಿಗಳನ್ನು ಬರೆದಿಡುವ ಪರಿಪಾಠ ಅಲ್ಲಿ ಹತ್ತು ವರ್ಷಗಳಿಗೂ ಮುಂಚಿನಿಂದ ನಡೆದುಬಂದಿತ್ತು. ಅದರ ಹೊಣೆ ಮೂವತ್ತೆರಡರ ಹರೆಯದ ವಿನ್ಯೆಸ್ ಅವರ ಹೆಗಲಿಗೆ ಬಂತು.

ಅವರು ಬಂದ ವರ್ಷವೇ, ಅಕ್ಟೋಬರ್ ತಿಂಗಳಿನಲ್ಲಿ, ಎರಡು ಚಂಡಮಾರುತಗಳು ಕ್ಯೂಬಾವನ್ನು ಹಿಂಡಿದವು. ಮೊದಲನೆಯದು ಹವಾನಾದ ಪೂರ್ವಕ್ಕಿರುವ ಮತಾನ್ಸಾಸ್ ನಗರವನ್ನು ಹಾಳುಗೆಡವಿತು. ಸಮುದ್ರವೂ ನದಿಗಳೂ ಒಟ್ಟಿಗೆ ಉಕ್ಕಿ ಅಸಂಖ್ಯ ಜನರು ಪ್ರಾಣ ಕಳೆದುಕೊಂಡರು. ವಾಯುಭಾರ ಕುಸಿಯತೊಡಗಿದಾಗ ಚಂಡಮಾರುತ ಸಮೀಪಿಸಿದೆ ಎಂದು ತಿಳಿಯುತ್ತಿತ್ತು. ಆದರೆ ಅಷ್ಟರಲ್ಲಿ ಕಾಲ ಮೀರಿರುತ್ತಿತ್ತು. ಅದಕ್ಕೂ ಮುಂಚೆ, ಎರಡು ಮೂರು ದಿನಗಳ ಮೊದಲೇ, ಅದು ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಈ ಗುರುವನ್ನು ಹಿಡಿದುಕೊಂಡಿತು.

ಐದು ವರ್ಷಗಳ ಮೌನ

ವಿನ್ಯೆಸ್ ತಕ್ಷಣವೇ ಭವಿಷ್ಯ ನುಡಿಯಲು ಹೊರಡಲಿಲ್ಲ. ತಮ್ಮ ಹಿಂದಿನವರು ಬರೆದಿಟ್ಟ ದಾಖಲೆಗಳನ್ನೆಲ್ಲ ತೆಗೆದು ಓದಿದರು. ನಸುಕಿನ 4 ಗಂಟೆಯಿಂದ ರಾತ್ರಿ 10 ಗಂಟೆಯವರೆಗೆ ದಿನಕ್ಕೆ ಹತ್ತು ಬಾರಿ ವಾಯುಭಾರ, ಉಷ್ಣತೆ, ತೇವ, ಗಾಳಿಯ ದಿಕ್ಕು ಇವನ್ನು ಬರೆದಿಡುವ ಕ್ರಮವನ್ನು ಹಿಡಿದರು. ಇವೆಲ್ಲಕ್ಕಿಂತ ಮಿಗಿಲಾಗಿ ಮೋಡಗಳನ್ನು ಗಮನಿಸಿದರು. ಯಾವ ಬಗೆಯ ಮೋಡ, ಅದು ಎತ್ತಣಿಂದ ಎತ್ತ ಸಾಗುತ್ತಿದೆ, ಅದರ ಮೇಲೆ ಇನ್ನೊಂದು ಪದರವಿದೆಯೇ, ಆ ಮೇಲಣ ಪದರ ಯಾವ ಕಡೆಗೆ ಚಲಿಸುತ್ತಿದೆ ಎಂದು ಬರೆದರು.

ಗಾಳಿ ಮತ್ತು ಮೋಡಗಳ ಬಗೆಗೆ ಅದುವರೆಗೆ ಲೋಕಕ್ಕೆ ತಿಳಿದಿದ್ದ ಬಹಳಷ್ಟು ಸಂಗತಿಗಳು ಹವ್ಯಾಸಿಗಳಿಂದಲೇ ಬಂದವು ಎಂಬುದನ್ನು ಇಲ್ಲಿ ನೆನೆಯಬೇಕು. ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂಬ ಲ್ಯಾಟಿನ್ ಹೆಸರುಗಳನ್ನು 1802ರಲ್ಲಿ ಇಟ್ಟ ಲ್ಯೂಕ್ ಹೊವಾರ್ಡ್ ಲಂಡನ್ನಿನ ಔಷಧ ತಯಾರಕರು. ಚಂಡಮಾರುತದ ಗಾಳಿ ಚಕ್ರಾಕಾರವಾಗಿ ಸುತ್ತುತ್ತದೆಂದು ಉರುಳಿಬಿದ್ದ ಮರಗಳ ದಿಕ್ಕನ್ನು ನೋಡಿ ತರ್ಕಿಸಿದ ಅಮೆರಿಕದ ವಿಲಿಯಂ ರೆಡ್‌ಫೀಲ್ಡ್ ಎಳೆಯ ವಯಸ್ಸಿನಲ್ಲಿ ಕುದುರೆಯ ಜೀನು ಹೊಲಿಯುವ ಕೆಲಸ ಕಲಿತವರು. ಸೈಕ್ಲೋನ್ ಎಂಬ ಪದವಂತೂ ಹುಟ್ಟಿದ್ದು ನಮ್ಮ ದೇಶದಲ್ಲಿಯೇ. ಕೊಲ್ಕತ್ತದ ನೌಕಾ ವಿಚಾರಣಾ ನ್ಯಾಯಾಲಯದ ಅಧ್ಯಕ್ಷರಾಗಿದ್ದ ಹೆನ್ರಿ ಪಿಡಿಂಗ್ಟನ್ 1840ರ ದಶಕದಲ್ಲಿ, ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಮಾತಿನಿಂದ, ಆ ಹೆಸರನ್ನು ಕಟ್ಟಿದರು. ವಿನ್ಯೆಸ್ ಈ ಪರಂಪರೆಗೆ ಸೇರಿದವರು. ಆದರೆ ಅವರ ಹಿಂದಿನವರು ಹೆಚ್ಚಾಗಿ ನೆಲದ ಮೇಲೆ, ನೀರಿನ ಮೇಲೆ ಬೀಸುವ ಗಾಳಿಯನ್ನು ನೋಡಿದರು. ವಿನ್ಯೆಸ್ ಆ ಗಾಳಿಯ ಮೇಲಣ ಅಂತಸ್ತುಗಳನ್ನೂ ಓದಲು ಹೊರಟರು.

ಕಣ್ಣಿಗೆ ಸಿಗದ ಎತ್ತರ

ಇಲ್ಲಿಯೇ ನಾವು ಮೊದಲು ಎತ್ತಿದ ಪ್ರಶ್ನೆ ಅಡ್ಡಬರುತ್ತದೆ. ಮೋಡದ ಎತ್ತರವನ್ನು ಬರಿಗಣ್ಣಿನಿಂದ ಅಳೆಯುವುದು ಏಕೆ ಇಷ್ಟು ಕಷ್ಟ?

ದೂರದ ತೆಂಗಿನ ಮರವನ್ನು ಕಂಡರೆ ಅದು ಎಷ್ಟು ದೂರದಲ್ಲಿದೆ ಎಂದು ನಾವು ಹೇಳಬಲ್ಲೆವು. ಏಕೆಂದರೆ ತೆಂಗಿನ ಮರ ಸುಮಾರು ಎಷ್ಟು ದೊಡ್ಡದು ಎಂದು ನಮಗೆ ಗೊತ್ತಿದೆ. ಮೋಡಕ್ಕೆ ಇಂಥ ಗೊತ್ತಾದ ಗಾತ್ರವಿಲ್ಲ. 1 ಕಿಲೋಮೀಟರ್ ಎತ್ತರದಲ್ಲಿರುವ 100 ಮೀಟರ್ ಅಗಲದ ತುಣುಕೂ, 10 ಕಿಲೋಮೀಟರ್ ಎತ್ತರದಲ್ಲಿರುವ 1 ಕಿಲೋಮೀಟರ್ ಅಗಲದ ತುಣುಕೂ ನೆತ್ತಿಯ ಮೇಲಿದ್ದಾಗ ಕಣ್ಣಿಗೆ ಒಂದೇ ಅಳತೆಯಲ್ಲಿ ಕಾಣುತ್ತವೆ. ವೇಗವೂ ಹಾಗೆಯೇ ಮೋಸಗೊಳಿಸುತ್ತದೆ. ತಲೆಯ ಮೇಲೆ 1 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ತೇಲುವ ಮೋಡಕ್ಕೂ, 10 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಧಾವಿಸುವ ಮೋಡಕ್ಕೂ ನೋಡುವವನ ಮಟ್ಟಿಗೆ ವ್ಯತ್ಯಾಸವಿಲ್ಲ. ಮೋಡದ ಚಲನೆಯನ್ನು ಕನ್ನಡಿಯಲ್ಲಿ ಹಿಡಿದು ನೋಡುವ ಉಪಕರಣವೊಂದಿದೆ. ಅದು ದಿಕ್ಕನ್ನು ಖಚಿತವಾಗಿ ತೋರಿಸುತ್ತದೆ. ಆದರೆ ನಿಜವಾದ ವೇಗ ಬೇಕಾದರೆ ಮೊದಲು ಎತ್ತರ ತಿಳಿದಿರಬೇಕು.

ದಿಗಂತದ ಸಮೀಪದಲ್ಲಿ ತೊಡಕು ಇನ್ನೂ ಹೆಚ್ಚು. ಭೂಮಿಯ ಮೇಲ್ಮೈ ಬಾಗಿರುವುದರಿಂದ 1 ಕಿಲೋಮೀಟರ್ ಎತ್ತರದ ಮೋಡ ಸುಮಾರು 110 ಕಿಲೋಮೀಟರ್ ದೂರ ಸರಿದಾಗ ದಿಗಂತದ ಕೆಳಗೆ ಮುಳುಗುತ್ತದೆ. 10 ಕಿಲೋಮೀಟರ್ ಎತ್ತರದ ಮೋಡವಾದರೋ ಸುಮಾರು 350 ಕಿಲೋಮೀಟರ್ ಆಚೆಯಿಂದಲೂ ಕಾಣಬಲ್ಲದು. ಸಮುದ್ರದ ಅಂಚಿನಲ್ಲಿ ಕಾಣುವ ಬಿಳಿಯ ಎಳೆ ಪಕ್ಕದ ಊರಿನ ಮೇಲಿನ ಮೋಡವೋ, ಇನ್ನೊಂದು ದ್ವೀಪದ ಮೇಲಿನ ಮೋಡವೋ ಎಂಬುದು ಅದರ ಎತ್ತರವನ್ನು ಅವಲಂಬಿಸಿದೆ.

ಅಳೆಯುವ ದಾರಿಗಳು ಇಲ್ಲದಿಲ್ಲ. ಇಬ್ಬರು ವೀಕ್ಷಕರು ಗೊತ್ತಾದ ಅಂತರದಲ್ಲಿ ನಿಂತು, ಒಂದೇ ಕ್ಷಣದಲ್ಲಿ, ಮೋಡದ ಒಂದೇ ಬಿಂದುವಿಗೆ ಗುರಿಯಿಟ್ಟು ಕೋನಗಳನ್ನು ಅಳೆದರೆ, ತ್ರಿಕೋನಮಿತಿಯ ಲೆಕ್ಕದಿಂದ ಎತ್ತರ ಸಿಗುತ್ತದೆ. ಸ್ವೀಡನ್ನಿನ ಉಪ್ಸಾಲದಲ್ಲಿ 1884 ಮತ್ತು 1885ರಲ್ಲಿ ಎಕ್‌ಹೋಮ್ ಮತ್ತು ಹಾಗ್‌ಸ್ಟ್ರೋಮ್ ಎಂಬ ಇಬ್ಬರು ದೂರವಾಣಿಯಲ್ಲಿ ಪರಸ್ಪರ ಮಾತನಾಡುತ್ತ ಹೀಗೆ ಅಳೆದರು. ಆದರೆ ಇಬ್ಬರೂ ನೋಡುತ್ತಿರುವುದು ಮೋಡದ ಅದೇ ಅಂಚು ಎಂದು ಒಪ್ಪಿಗೆಗೆ ಬರುವುದೇ ದೊಡ್ಡ ಸಾಹಸ. ಅಷ್ಟರಲ್ಲಿ ಮೋಡವು ರೂಪ ಬದಲಿಸಿರುತ್ತದೆ. ಚಂಡಮಾರುತವನ್ನು ಎದುರುನೋಡುತ್ತ ಏಕಾಂಗಿಯಾಗಿ ಮಹಡಿಯ ಮೇಲೆ ನಿಂತವನಿಗೆ ಈ ದಾರಿ ಒದಗುವಂಥದಲ್ಲ.

ವಿನ್ಯೆಸ್ ಬೇರೆ ದಾರಿ ಹಿಡಿದರು. ಎತ್ತರ ಎಷ್ಟು ಮೀಟರ್ ಎಂದು ಹೇಳಲಾಗದಿದ್ದರೂ, ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಬಹುದು. ಒಂದು ಮೋಡವು ಇನ್ನೊಂದನ್ನು ಮರೆಮಾಡಿಕೊಂಡು ಹೋದರೆ ಮರೆಮಾಡಿದ್ದು ಕೆಳಗಿನದು. ಮೋಡದ ಬಗೆಯೂ ಅದರ ಅಂತಸ್ತನ್ನು ಹೇಳುತ್ತದೆ. ಗರಿಯಂತೆ, ನೂಲಿನಂತೆ ಹರಡಿದ ಸಿರಸ್ ಹಿಮದ ಹರಳುಗಳಿಂದಾದದ್ದು. ಉಷ್ಣವಲಯದಲ್ಲಿ ಅದರ ನೆಲೆ 6ರಿಂದ 18 ಕಿಲೋಮೀಟರ್ ಎತ್ತರ. ಕುರಿಮಂದೆಯಂತೆ ಕಾಣುವ ನಡುವಣ ಮೋಡಗಳದು 2ರಿಂದ 8 ಕಿಲೋಮೀಟರ್. ಹರಿದ ಬಟ್ಟೆಯ ಚಿಂದಿಗಳಂತೆ ಓಡುವ ಮಳೆಮೋಡಗಳದು 2 ಕಿಲೋಮೀಟರಿನ ಒಳಗೆ. ಈ ಅಂತಸ್ತುಗಳ ಅಂಚುಗಳು ಒಂದರೊಳಗೊಂದು ಬೆರೆತಿವೆ. ಆದುದರಿಂದ ಬಗೆಯನ್ನು ಗುರುತಿಸಲು ಹಲವು ವರ್ಷಗಳ ಪಳಗಿದ ಕಣ್ಣು ಬೇಕು.

ಅಂತಸ್ತಿಗೊಂದು ದಿಕ್ಕು

ಹೀಗೆ ಪದರ ಪದರವಾಗಿ ನೋಡಿದಾಗ ಒಂದು ಅಚ್ಚರಿಯ ಕ್ರಮ ಹೊರಬಂತು. ಭೂಮಧ್ಯರೇಖೆಯ ಉತ್ತರಕ್ಕೆ ಚಂಡಮಾರುತವು ತನ್ನ ಕೇಂದ್ರದ ಸುತ್ತ ಅಪ್ರದಕ್ಷಿಣವಾಗಿ ಸುತ್ತುತ್ತದೆ ಎಂಬುದು ಆಗಲೇ ತಿಳಿದಿತ್ತು. ಆದರೆ ಎಲ್ಲ ಎತ್ತರಗಳಲ್ಲಿಯೂ ಗಾಳಿ ಒಂದೇ ರೀತಿ ಸುತ್ತುವುದಿಲ್ಲ ಎಂದು ವಿನ್ಯೆಸ್ ತೋರಿಸಿಕೊಟ್ಟರು. ನೆಲದ ಗಾಳಿಯು ಸುತ್ತುತ್ತಲೇ ಕೇಂದ್ರದತ್ತ ಒಳಸೇರುತ್ತದೆ. ಕೆಳಗಿನ ಮಳೆಮೋಡಗಳು ಹೆಚ್ಚುಕಡಿಮೆ ಸರಿಯಾದ ವೃತ್ತದಲ್ಲಿ ತಿರುಗುತ್ತವೆ. ನಡುವಣ ಮೋಡಗಳು ಹೊರಮುಖವಾಗಿ ಓರೆಯಾಗುತ್ತವೆ. ತುತ್ತತುದಿಯ ಸಿರಸ್ ಮೋಡಗಳಾದರೋ ಕೇಂದ್ರದಿಂದ ನೇರವಾಗಿ ಹೊರಕ್ಕೆ ಹರಿಯುತ್ತವೆ.

ಒಂದು ನಿದರ್ಶನವನ್ನು ನೋಡೋಣ. ಚಂಡಮಾರುತದ ಕೇಂದ್ರ ನಮ್ಮ ದಕ್ಷಿಣಕ್ಕೆ ಇದೆ ಎಂದಿಟ್ಟುಕೊಳ್ಳಿ. ಆಗ ನೆಲದ ಗಾಳಿ ಪೂರ್ವಕ್ಕೂ ಈಶಾನ್ಯಕ್ಕೂ ನಡುವಿನಿಂದ ಬೀಸುತ್ತದೆ. ಕೆಳಗಿನ ಮೋಡಗಳು ಪೂರ್ವದಿಂದ ಬರುತ್ತವೆ. ನಡುವಿನವು ಸುಮಾರಾಗಿ ಆಗ್ನೇಯದಿಂದ, ಎಲ್ಲಕ್ಕಿಂತ ಮೇಲಿನವು ದಕ್ಷಿಣದಿಂದ ಬರುತ್ತವೆ. ಕೆಳಗಿನ ಮೋಡ ಬರುವ ದಿಕ್ಕಿಗೆ ಮುಖಮಾಡಿ ನಿಂತರೆ ಕೇಂದ್ರವು ನಮ್ಮ ಬಲಗೈಯ ಕಡೆಗೆ ಇರುತ್ತದೆ.

ಎತ್ತರದ ಅಂದಾಜು ತಪ್ಪಿದರೆ ಏನಾದೀತು ಎಂಬುದು ಈಗ ಸ್ಪಷ್ಟವಾಗುತ್ತದೆ. ಆಗ್ನೇಯದಿಂದ ಬರುವ ನಡುವಣ ಮೋಡವನ್ನು ಕಂಡು ಅದನ್ನೇ ಕೆಳಗಿನ ಮೋಡವೆಂದು ಭ್ರಮಿಸಿದ ಹಡಗಿನ ಕಪ್ತಾನನು ಕೇಂದ್ರವು ನೈಋತ್ಯದಲ್ಲಿದೆ ಎಂದು ತೀರ್ಮಾನಿಸುತ್ತಾನೆ. ದಿಕ್ಕು 45 ಡಿಗ್ರಿಗಳಷ್ಟು ತಪ್ಪಿತು. ಚಂಡಮಾರುತ 200 ಕಿಲೋಮೀಟರ್ ದೂರದಲ್ಲಿದ್ದರೆ ಅವನ ನಕ್ಷೆಯಲ್ಲಿ ಕೇಂದ್ರವು 150 ಕಿಲೋಮೀಟರಿನಷ್ಟು ಪಕ್ಕಕ್ಕೆ ಸರಿಯಿತು. ತಪ್ಪಿಸಿಕೊಳ್ಳುತ್ತಿದ್ದೇನೆಂದು ನಂಬಿ ಆತ ಹಡಗನ್ನು ಬಿರುಗಾಳಿಯ ಬಾಯಿಗೇ ಒಯ್ದಾನು.

ಸಿರಸ್ ಮೋಡಗಳು ಎಲ್ಲಕ್ಕಿಂತ ಎತ್ತರದಲ್ಲಿದ್ದು ಕೇಂದ್ರದಿಂದ ನೂರಾರು ಕಿಲೋಮೀಟರ್ ದೂರಕ್ಕೆ ಹರಡುತ್ತವೆ. ವಾಯುಭಾರ ಇನ್ನೂ ಕುಸಿಯದಿರುವಾಗಲೇ, ಆಕಾಶ ನಿರ್ಮಲವಾಗಿರುವಾಗಲೇ, ಅವುಗಳ ಬಿಳಿಯ ಗರಿಗಳು ದಿಗಂತದ ಒಂದು ಬಿಂದುವಿನಿಂದ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಆ ಬಿಂದುವಿನ ಆಚೆಗೆ ಚಂಡಮಾರುತವಿದೆ ಎಂದು ವಿನ್ಯೆಸ್ ಓದಿಕೊಂಡರು. ಹೊತ್ತು ಕಳೆದಂತೆ ಆ ಬಿಂದು ಯಾವ ಕಡೆಗೆ ಸರಿಯುತ್ತದೆ ಎಂದು ಗಮನಿಸಿದರೆ ಅದರ ದಾರಿಯೂ ತಿಳಿಯುತ್ತಿತ್ತು.

1875ರ ಎಚ್ಚರಿಕೆ

ಐದು ವರ್ಷಗಳ ಕಾಯುವಿಕೆಯ ನಂತರ, 1875ರ ಸೆಪ್ಟೆಂಬರ್ 11ರಂದು, ವಿನ್ಯೆಸ್ ಹವಾನಾದ ಪತ್ರಿಕೆಗಳಲ್ಲಿ ತಮ್ಮ ಮೊದಲ ಚಂಡಮಾರುತದ ಎಚ್ಚರಿಕೆಯನ್ನು ಪ್ರಕಟಿಸಿದರು. ಎರಡು ದಿನಗಳ ನಂತರ, 13ರಂದು, ಅದು ಕ್ಯೂಬಾದ ದಕ್ಷಿಣ ತೀರಕ್ಕೆ ಅಪ್ಪಳಿಸಿತು. ಮುಂಚಿತವಾಗಿ ತಿಳಿದಿದ್ದರಿಂದ ಬಹಳ ಜೀವಗಳು ಉಳಿದವು. ಅದೇ ಚಂಡಮಾರುತ ಮುಂದೆ ಸಾಗಿ 16ರಂದು ಅಮೆರಿಕದ ಟೆಕ್ಸಸ್ ತೀರದ ಇಂಡಿಯಾನೋಲ ಎಂಬ ರೇವುಪಟ್ಟಣವನ್ನು ನೆಲಸಮ ಮಾಡಿತು.

ಜನರ ವಿಶ್ವಾಸ ಬೆಳೆಯಿತು. ವಿನ್ಯೆಸ್ ಅದರಿಂದ ಹಿಗ್ಗಿ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಚಂಡಮಾರುತ ಹಾದುಹೋದ ಪ್ರದೇಶಗಳಲ್ಲಿ ಸಂಚರಿಸಿ ತಮ್ಮ ಲೆಕ್ಕ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂದು ಪರೀಕ್ಷಿಸಿದರು. 1875 ಮತ್ತು 1876ರ ಚಂಡಮಾರುತಗಳ ಮೇಲೆ ಅವರು ಬರೆದ ಗ್ರಂಥ 1877ರಲ್ಲಿ ಹೊರಬಂತು. ಹಡಗುಗಳ ಕಪ್ತಾನರು ತಮ್ಮ ದಿನಚರಿಗಳನ್ನು ತಂದುಕೊಟ್ಟರು. ನೆರೆಯ ದ್ವೀಪಗಳಿಂದ ತಂತಿಯ ಮೂಲಕ ವರದಿಗಳು ಬರತೊಡಗಿದವು. ಒಬ್ಬನ ಕಣ್ಣಿಗೆ ಕಾಣದ್ದು ಹಲವರ ಕಣ್ಣುಗಳಿಗೆ ಕಾಣುತ್ತದೆ ಎಂಬ ನಂಬಿಕೆಯ ಮೇಲೆ ಈ ಜಾಲ ನಿಂತಿತ್ತು. ಜನರು ಅವರನ್ನು ಪ್ರೀತಿಯಿಂದ ಚಂಡಮಾರುತದ ಫಾದರ್ ಎಂದು ಕರೆದರು.

1885ರಲ್ಲಿ ಅಮೆರಿಕದ ನೌಕಾಪಡೆಯ ಜಲಮಾಪನ ಕಚೇರಿಯು ಅವರ ಸೂತ್ರಗಳನ್ನು ನಾವಿಕರಿಗಾಗಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿತು. 1888ರಲ್ಲಿ ಅವರು ತಮ್ಮ ನಿಯಮಗಳನ್ನೆಲ್ಲ ಅಡಕಗೊಳಿಸಿದ ಒಂದು ಸರಳ ಸಾಧನವನ್ನು ರೂಪಿಸಿದರು. ಗಾಳಿ ಮತ್ತು ಮೋಡಗಳ ದಿಕ್ಕನ್ನು ಅದರ ಮೇಲೆ ಹೊಂದಿಸಿದರೆ ಚಂಡಮಾರುತದ ಕೇಂದ್ರ ಯಾವ ಕಡೆಗಿದೆ ಎಂದು ಲೆಕ್ಕವಿಲ್ಲದೆ ತಿಳಿಯುತ್ತಿತ್ತು. ವಿಜ್ಞಾನ ಓದದ ನಾವಿಕನ ಕೈಗೂ ತಮ್ಮ ಅನುಭವ ಎಟುಕಬೇಕೆಂಬುದು ಅವರ ಹಂಬಲವಾಗಿತ್ತು.

1893ರಲ್ಲಿ ಚಿಕಾಗೋ ನಗರದಲ್ಲಿ ಹವಾಮಾನ ವಿಜ್ಞಾನಿಗಳ ಸಮ್ಮೇಳನ ಏರ್ಪಾಡಾಗಿತ್ತು. ಅದಕ್ಕಾಗಿ ವಿನ್ಯೆಸ್ ತಮ್ಮ ಜೀವಮಾನದ ಅವಲೋಕನಗಳನ್ನು ಒಂದು ಪ್ರಬಂಧವಾಗಿ ಬರೆದರು. ಆರೋಗ್ಯ ಕೆಟ್ಟಿತ್ತು. ಬರವಣಿಗೆ ಮುಗಿದ ಕೆಲವೇ ದಿನಗಳಲ್ಲಿ, ಜುಲೈ 23ರಂದು, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಅವರು ಹವಾನಾದಲ್ಲಿ ದೈವಾಧೀನರಾದರು. ಆ ಪ್ರಬಂಧ 1895ರಲ್ಲಿ ಗ್ರಂಥವಾಗಿ ಹೊರಬಂತು.

ಕೇಳದೆ ಹೋದ ಮಾತು

ಅವರ ಮರಣದ ನಂತರದ ಒಂದು ಘಟನೆಯನ್ನು ಹೇಳದೆ ಈ ಕಥನ ಪೂರ್ಣವಾಗುವುದಿಲ್ಲ. 1898ರ ಯುದ್ಧದಲ್ಲಿ ಸ್ಪೇನ್ ಸೋತು ಕ್ಯೂಬಾ ಅಮೆರಿಕದ ಆಡಳಿತಕ್ಕೆ ಬಂತು. ಅಮೆರಿಕದ ಹವಾಮಾನ ಇಲಾಖೆಯ ಅಧಿಕಾರಿಗಳಿಗೆ ಬೆಲೆನ್‌ನವರ ಮುನ್ಸೂಚನೆಗಳು ಅನಗತ್ಯ ಗಾಬರಿ ಹುಟ್ಟಿಸುವಂಥವು ಎನಿಸಿತು. 1900ರಲ್ಲಿ, ಚಂಡಮಾರುತಗಳ ಋತುವಿನಲ್ಲಿಯೇ, ಕ್ಯೂಬಾದಿಂದ ಇಂಥ ಮುನ್ಸೂಚನೆಗಳನ್ನು ತಂತಿಯ ಮೂಲಕ ಕಳುಹಿಸುವುದಕ್ಕೆ ತಡೆ ಬಿತ್ತು. ಅದೇ ಸೆಪ್ಟೆಂಬರಿನಲ್ಲಿ ಒಂದು ಚಂಡಮಾರುತ ಕ್ಯೂಬಾವನ್ನು ದಾಟಿತು. ಅದು ಉತ್ತರಕ್ಕೆ ತಿರುಗುವುದೆಂದು ಅಮೆರಿಕದ ಇಲಾಖೆ ಭಾವಿಸಿತು. ಬೆಲೆನ್‌ನಲ್ಲಿ ವಿನ್ಯೆಸ್ ಅವರ ಉತ್ತರಾಧಿಕಾರಿಯಾಗಿದ್ದ ಫಾದರ್ ಗಂಗೋಯ್ತೆ, ಆಕಾಶದ ಲಕ್ಷಣಗಳನ್ನು ನೋಡಿ, ಅದು ಟೆಕ್ಸಸ್ ಕಡೆಗೆ ಸಾಗುತ್ತಿದೆ ಎಂದು ನಿರ್ಣಯಿಸಿದರು. ಸೆಪ್ಟೆಂಬರ್ 8ರಂದು ಅದು ಟೆಕ್ಸಸ್‌ನ ಗ್ಯಾಲ್ವೆಸ್ಟನ್ ನಗರದ ಮೇಲೆ ಎರಗಿತು. ಆರು ಸಾವಿರಕ್ಕಿಂತ ಹೆಚ್ಚು ಜನರು ಒಂದೇ ರಾತ್ರಿಯಲ್ಲಿ ಅಸುನೀಗಿದರು.

ಬೆಲೆನ್ ವೀಕ್ಷಣಾಲಯದ ಕೆಲಸ ಅನಂತರವೂ ದಶಕಗಳ ಕಾಲ ನಡೆಯಿತು. 1961ರಲ್ಲಿ ಕ್ಯೂಬಾದ ಕ್ರಾಂತಿಕಾರಿ ಸರಕಾರವು ವಿದ್ಯಾಲಯವನ್ನು ವಶಪಡಿಸಿಕೊಂಡು ಗುರುಗಳನ್ನು ಹೊರಗಟ್ಟಿತು. ದೇಶಭ್ರಷ್ಟರಾಗಿ ಬಂದವರ ಕೆಲಸವನ್ನು ಮುಂದುವರಿಸಿದವರೂ ದೇಶಭ್ರಷ್ಟರಾಗಿಯೇ ಹೊರಟರು.

ಇಂದು ಉಪಗ್ರಹಗಳು ಚಂಡಮಾರುತಗಳನ್ನು ಮೇಲಿನಿಂದ ನೋಡುತ್ತವೆ. ವಿಮಾನ ನಿಲ್ದಾಣಗಳಲ್ಲಿ ಲೇಸರ್ ಕಿರಣವು ಮೋಡದ ಅಡಿಯನ್ನು ಮುಟ್ಟಿ ಮರಳಿ ಬರುವ ಕಾಲವನ್ನು ಎಣಿಸಿ ಎತ್ತರ ಹೇಳುತ್ತದೆ. ಹವ್ಯಾಸಿಗಳಿಗೂ ಒಂದು ಸುಲಭವಾದ ಲೆಕ್ಕವಿದೆ. ನೆಲದ ಗಾಳಿಯ ಉಷ್ಣತೆಗೂ, ಇಬ್ಬನಿಗಟ್ಟುವ ಉಷ್ಣತೆಗೂ ಇರುವ ಅಂತರವನ್ನು ಸೆಲ್ಸಿಯಸ್ ಡಿಗ್ರಿಗಳಲ್ಲಿ ತೆಗೆದುಕೊಂಡು 125ರಿಂದ ಗುಣಿಸಿದರೆ, ಬಿಸಿಲಿಗೆ ಮೇಲೇಳುವ ಹತ್ತಿಯಂಥ ಕ್ಯುಮುಲಸ್ ಮೋಡದ ಅಡಿಯ ಎತ್ತರ ಮೀಟರುಗಳಲ್ಲಿ ಸಿಗುತ್ತದೆ. ಅಂತರ 8 ಡಿಗ್ರಿ ಇದ್ದರೆ ಸುಮಾರು 1000 ಮೀಟರ್. ಬೇರೆ ಬಗೆಯ ಮೋಡಗಳಿಗೆ ಈ ಲೆಕ್ಕ ಸಲ್ಲದು. ಅವುಗಳ ಮಟ್ಟಿಗೆ ನಾವಿನ್ನೂ ವಿನ್ಯೆಸ್ ಅವರ ದಾರಿಯಲ್ಲಿಯೇ ಸಾಗಬೇಕು: ಬಗೆಯನ್ನು ಗುರುತಿಸುವುದು, ಯಾವುದು ಯಾವುದರ ಮೇಲಿದೆ ಎಂದು ನೋಡುವುದು, ದಿಕ್ಕನ್ನು ಬರೆಯುವುದು, ತಿಳಿಯದಿದ್ದಲ್ಲಿ ಆ ಜಾಗವನ್ನು ಖಾಲಿ ಬಿಡುವುದು.

ನಮ್ಮ ಓದುಗರಲ್ಲಿ ಎಳೆಯರು ಯಾರಾದರೂ ಬರುವ ಮುಂಗಾರಿನಲ್ಲಿ ಒಂದು ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ಹಿಡಿದು, ಮುಂಜಾನೆ ಪೂಜೆಗೆ ಹೊರಡುವ ಮುನ್ನ ಅಂಗಳದಲ್ಲಿ ನಿಂತು ಆಕಾಶವನ್ನು ನೋಡಿ ಎರಡು ಸಾಲು ಬರೆದಿಟ್ಟರೆ, ಹವಾನಾದ ಆ ಗುರುವಿಗೆ ಅದಕ್ಕಿಂತ ಮಿಗಿಲಾದ ಸ್ಮರಣೆ ಬೇಕಿಲ್ಲ ಎಂದು ನಾವು ನಂಬುತ್ತೇವೆ.